ಯಾವ ವರ್ಷದ್ದು? ಮಿಯಾಟಾದಲ್ಲಿ ಬ್ಲೂ ರಿಜ್‌ನಿಂದ ಡ್ರ್ಯಾಗನ್‌ವರೆಗೆ

ಶುಕ್ರವಾರ: ರಾಕ್‌ಫಿಶ್ ಗ್ಯಾಪ್‌ನಿಂದ ಫ್ಲಾಯ್ಡ್

ಬ್ಲೂ ರಿಜ್ ಪಾರ್ಕ್‌ವೇ ಶುರುವಾಗುವುದು ವರ್ಜೀನಿಯಾದ ರಾಕ್‌ಫಿಶ್ ಗ್ಯಾಪ್‌ನಲ್ಲಿ. ಅಲ್ಲಿಂದ ಬೆಟ್ಟದ ಬೆನ್ನ ಮೇಲೆಯೇ 469 ಮೈಲಿ ಸಾಗಿ ನಾರ್ತ್ ಕೆರೊಲೈನಾದ ಚೆರೊಕೀ ಊರಿನ ಹತ್ತಿರ ಮುಗಿಯುತ್ತದೆ. ಲಾರಿಗಳಿಗೆ ಪ್ರವೇಶವಿಲ್ಲ. ಜಾಹೀರಾತಿನ ಫಲಕ ಇಲ್ಲ, ಪೆಟ್ರೋಲ್ ಬಂಕ್ ಕೂಡ ಇಲ್ಲ. ವೇಗದ ಮಿತಿ ಗಂಟೆಗೆ 45 ಮೈಲಿ. ಸ್ಪೋರ್ಟ್ಸ್ ಕಾರು ತಗೊಂಡು 45ರಲ್ಲಿ ಹೋಗೋದಾ ಎಂದು ಗೆಳೆಯರು ನಕ್ಕರು. ನಗಲಿ. ನಮ್ಮದು 1992ರ ಮಾಜ್ಡಾ ಮಿಯಾಟಾ, ಎರಡೇ ಸೀಟು, ಮಡಿಸಿ ಇಳಿಸಬಹುದಾದ ಟಾಪ್, ನೀಲಿ ಬಣ್ಣ. 116 ಅಶ್ವಶಕ್ತಿಯ ಎಂಜಿನ್, ಹೆಚ್ಚುಕಮ್ಮಿ ಒಂದು ಟನ್ ತೂಕ. ತಿರುವಿನ ರಸ್ತೆಯಲ್ಲಿ ಅದಕ್ಕೆ 45 ಬೇಕಾದಷ್ಟಾಯಿತು.

ಡಿಕ್ಕಿಯಲ್ಲಿ ಸ್ಟೆಪ್ನಿ ಮತ್ತು ಬ್ಯಾಟರಿಯೇ ಅರ್ಧ ಜಾಗ ತಿನ್ನುತ್ತವೆ. ಗಟ್ಟಿ ಸೂಟ್‌ಕೇಸ್ ಹಿಡಿಸುವುದಿಲ್ಲ. ಬಟ್ಟೆಯನ್ನೆಲ್ಲ ಮೆತ್ತನೆಯ ಚೀಲಗಳಿಗೆ ತುರುಕಿ ಹೊರಟೆವು. ಸ್ಟಿಯರಿಂಗ್ ನನ್ನ ಕೈಯಲ್ಲಿ, ನಕ್ಷೆ ಗಂಡನ ಕೈಯಲ್ಲಿ.

ಹಂಪ್‌ಬ್ಯಾಕ್ ರಾಕ್ಸ್ ದಾಟುವ ಹೊತ್ತಿಗೆ ಎದುರಿನಿಂದ ಕೆಂಪು ಮಿಯಾಟಾ ಒಂದು ಬಂತು. ಡ್ರೈವರ್ ಎಡಗೈ ಎತ್ತಿದ. ಜೊತೆಗೆ ಕಾರಿನ ಹೆಡ್‌ಲೈಟುಗಳೂ ಎದ್ದು ಮಲಗಿದವು. 1989ರಿಂದ 1997ರವರೆಗೆ ಬಂದ ಮೊದಲ ತಲೆಮಾರಿನ ಮಿಯಾಟಾಗಳಲ್ಲಿ ಹೆಡ್‌ಲೈಟುಗಳು ಮೂತಿಯೊಳಗೆ ಅಡಗಿರುತ್ತವೆ. ಡ್ಯಾಶ್‌ಬೋರ್ಡಿನ ನಡುವೆ ಒಂದು ಗುಂಡಿ ಇದೆ, ಒತ್ತಿದರೆ ಎದ್ದು ಕೂರುತ್ತವೆ. ನಾನೂ ಒತ್ತಿದೆ, ಕೈ ಎತ್ತಿದೆ.

"ಯಾರವರು?" ಎಂದರು ಗಂಡ.

"ಗೊತ್ತಿಲ್ಲ."

"ಮತ್ತೆ ಕೈ ಬೀಸಿದ್ದು ಯಾಕೆ?"

ಇವರು ಈ ಕಾರಿನಲ್ಲಿ ದೂರದ ಪ್ರಯಾಣಕ್ಕೆ ಬಂದದ್ದು ಇದೇ ಮೊದಲು. ಅಮೆರಿಕದಲ್ಲಿ ಕೆಲವು ಗಾಡಿಯವರಿಗೆ ಈ ಅಭ್ಯಾಸ ಇದೆ ಎಂದು ಹೇಳಿದೆ. ಕಾರ್ವೆಟ್ ಎಂಬ ಸ್ಪೋರ್ಟ್ಸ್ ಕಾರಿನವರದು ಬಹಳ ಹಳೆಯದು. 1953ರಲ್ಲಿ ತಯಾರಾದ ಮೊದಲ ಕಾರ್ವೆಟ್‌ಗಳು ಬರೀ 300. ರಸ್ತೆಯಲ್ಲಿ ಅಂಥದ್ದೇ ಇನ್ನೊಂದು ಕಂಡರೆ ಕೈ ಎತ್ತದೆ ಇರೋಕೆ ಆಗುತ್ತಾ? ಜೀಪಿನವರು ಸ್ಟಿಯರಿಂಗ್ ಬಿಡದೆ ಬೆರಳಷ್ಟೇ ಎತ್ತುತ್ತಾರೆ. ಪರಿಚಯ ಇಲ್ಲದವರ ಜೀಪಿನ ಮೇಲೆ ರಬ್ಬರ್ ಬಾತುಕೋಳಿ ಇಟ್ಟುಹೋಗುವ ಹುಚ್ಚು ಬೇರೆ ಈಗ ಹಬ್ಬಿದೆ. ಅದು ಶುರುವಾಗಿದ್ದು 2020ರಲ್ಲಿ, ಕೆನಡಾದ ಒಂಟಾರಿಯೊದಲ್ಲಿ.

ಮಿಯಾಟಾ ಆ ಲೆಕ್ಕದಲ್ಲಿ ಅಪರೂಪವೇನಲ್ಲ. ಹತ್ತು ಲಕ್ಷನೇ ಕಾರು 2016ರ ಏಪ್ರಿಲ್‌ನಲ್ಲೇ ತಯಾರಾಗಿತ್ತು. ಆದರೂ ಕೈ ಬೀಸುತ್ತಾರೆ. ಟಾಪ್ ಇಳಿಸಿರುವಾಗ ಪೂರ್ತಿ ಮುಖ ಕಾಣುತ್ತದೆ, ಅದೂ ಒಂದು ಕಾರಣ ಇರಬೇಕು. ಕಪ್ಪು ಗಾಜಿನ ಹಿಂದೆ ಕೂತವರಿಗೆ ಯಾರು ತಾನೇ ಕೈ ಎತ್ತುತ್ತಾರೆ? ಮೊದಲು ಯಾರು ಎತ್ತಬೇಕು ಎಂಬ ನಿಯಮ ಎಲ್ಲೂ ಇಲ್ಲ. ಆದರೆ ನಾನು ಗಮನಿಸಿದ ಹಾಗೆ ಹೊಸ ಕಾರಿನವರು ಹಳೆ ಕಾರಿಗೆ ಮೊದಲು ಎತ್ತುತ್ತಾರೆ. ಹಿರಿಯರಿಗೆ ಮರ್ಯಾದೆ ಎಂದು ಗಂಡನ ವ್ಯಾಖ್ಯಾನ.

ಮಧ್ಯಾಹ್ನ ಪೀಕ್ಸ್ ಆಫ್ ಆಟರ್ ಹತ್ತಿರ ಬುತ್ತಿ ಬಿಚ್ಚಿದೆವು. ಪೆಟ್ರೋಲಿಗೆ ಪಾರ್ಕ್‌ವೇ ಬಿಟ್ಟು ಕೆಳಗೆ ಇಳಿಯಲೇಬೇಕು. ಟ್ಯಾಂಕು ಅರ್ಧಕ್ಕೆ ಬಂದಾಗ ಇಳಿಯುವುದು ಒಳ್ಳೆಯದು, ಮುಂದಿನ ಇಳಿದಾರಿ ಎಷ್ಟು ದೂರವೋ ಹೇಳೋಕಾಗದು.

ಫ್ಲಾಯ್ಡ್ ತಲುಪಿದಾಗ ಸಂಜೆ. ಇಡೀ ಕೌಂಟಿಗೆ ಒಂದೇ ಟ್ರಾಫಿಕ್ ಲೈಟ್ ಇರುವ ಊರು ಇದು. ಶುಕ್ರವಾರ ರಾತ್ರಿ ಇಲ್ಲಿನ ಕಂಟ್ರಿ ಸ್ಟೋರ್‌ನಲ್ಲಿ ಬ್ಯಾಂಜೊ, ಪಿಟೀಲು, ಕುಣಿತ. ಜನ ಜಾಸ್ತಿ, ಪಾರ್ಕಿಂಗ್ ಕಷ್ಟ. ಎರಡು ದೊಡ್ಡ ಪಿಕಪ್ ಟ್ರಕ್‌ಗಳ ನಡುವೆ ನಮ್ಮ ಕಾರನ್ನು ತೂರಿಸಿದೆ. ಊಟ ಮುಗಿಸಿ ಬಂದರೆ ಒಂದು ಪಿಕಪ್ ಹೋಗಿತ್ತು, ಅದರ ಜಾಗದಲ್ಲಿ ಬೂದು ಬಣ್ಣದ ಹೊಸ ಮಿಯಾಟಾ. ನನ್ನ ಬಾಗಿಲು ಪೂರ್ತಿ ತೆರೆಯುವಷ್ಟು ಜಾಗ ಬಿಟ್ಟು, ಅಳೆದ ಹಾಗೆ ನಿಲ್ಲಿಸಿದ್ದರು. ಎದುರಿನ ಬೆಂಚಿನಲ್ಲಿ ಐಸ್‌ಕ್ರೀಮ್ ತಿನ್ನುತ್ತಿದ್ದ ದಂಪತಿ ಎದ್ದು ಬಂದರು.

"ಯಾವ ವರ್ಷದ್ದು?"

ಅದೇ ಮೊದಲ ಮಾತು. ಈ ದೇಶದಲ್ಲಿ ಇಷ್ಟು ವರ್ಷ ಇದ್ದೇನೆ, ಸಣ್ಣ ಊರುಗಳಲ್ಲಿ ನನ್ನನ್ನು ಕೇಳುವ ಮೊದಲ ಪ್ರಶ್ನೆ ಬೇರೆಯೇ. "ಯಾವ ಊರು?" ನಾವಿರುವ ಶಾರ್ಲಟ್ಸ್‌ವಿಲ್ ಹೆಸರು ಹೇಳಿದರೆ ಸಾಲದು. "ಅಲ್ಲ, ನಿಜವಾಗಲೂ ಯಾವ ಊರು?" ಕೇಳುವವರಲ್ಲಿ ಕೆಟ್ಟ ಮನಸ್ಸು ಇರುವುದಿಲ್ಲ ಬಿಡಿ. ಆದರೂ ಈ ಇಬ್ಬರ ಜೊತೆ ಅರ್ಧ ಗಂಟೆ ನಿಂತು ಮಾತಾಡಿದೆವು, ಆ ಪ್ರಶ್ನೆ ಬರಲೇ ಇಲ್ಲ. ಕಾರಿಗೆ ಎಷ್ಟು ಮೈಲಿ ಆಗಿದೆ, ಬಣ್ಣ ಕಂಪನಿಯದೇನಾ, ಕಿಟಕಿ ಏರಿಸುವ ವೈರು ಎಷ್ಟು ಸಲ ಹೋಗಿದೆ, ಹಿಂದಿನ ಪ್ಲಾಸ್ಟಿಕ್ ಕಿಟಕಿ ಹಳದಿ ಆಗಿಲ್ಲವಲ್ಲ, ಇವೇ ಮಾತು. ಎಷ್ಟು ಕೊಟ್ಟಿರಿ ಎಂದೂ ಕೇಳಲಿಲ್ಲ. ಅದನ್ನು ಕೇಳಬಾರದು, ಮಾಲೀಕರೇ ಹೇಳಿದರೆ ಕೇಳಿಸಿಕೊಳ್ಳಬೇಕು. ಗಂಡಸು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡುತ್ತಿದ್ದ. ಬೇರೆಯವರ ಕಾರಿಗೆ ಒರಗುವುದು, ಬೆಲ್ಟಿನ ಬಕಲ್ ತಾಗಿಸುವುದು ಇವರಲ್ಲಿ ದೊಡ್ಡ ಅಪಚಾರ.

"ಹೆಡ್‌ಲೈಟ್ ಒಂದ್ಸಲ ಎಬ್ಬಿಸ್ತೀರಾ?" ಎಂದು ಆಕೆ ಕೇಳಿದಳು. ಎಬ್ಬಿಸಿದೆ. ಇಬ್ಬರೂ ಮಕ್ಕಳ ಹಾಗೆ ನಕ್ಕರು.

ಶನಿವಾರ: ಮಂಜಿನಲ್ಲಿ ಲಿನ್ ಕೋವ್

ಬೆಳಿಗ್ಗೆ ತಿಂಡಿಗೆ ಬಿಸ್ಕತ್ತು ಮತ್ತು ಗ್ರಿಟ್ಸ್. ಇಲ್ಲಿನ ಬಿಸ್ಕತ್ತು ಮೆತ್ತಗೆ, ಪದರ ಪದರವಾಗಿ ಇರುತ್ತದೆ. ಸೇಬಿನ ಬಟರ್ ಸವರಿ ತಿಂದರೆ ಸ್ವರ್ಗ. ಗ್ರಿಟ್ಸ್ ಅಂದರೆ ನೀರು ಜಾಸ್ತಿಯಾದ ಮೆಕ್ಕೆಜೋಳದ ಉಪ್ಪಿಟ್ಟು, ಒಗ್ಗರಣೆ ಇಲ್ಲದ್ದು. ಮಾಂಸ ತಿನ್ನದವರು ಈ ಕಡೆ ಸ್ವಲ್ಪ ಹುಷಾರಾಗಿರಬೇಕು. ಬಿಸ್ಕತ್ತಿನ ಮೇಲೆ ಸುರಿಯುವ ಬಿಳಿ ಗ್ರೇವಿಯಲ್ಲಿ ಸಾಸೇಜ್ ಇರುತ್ತದೆ. ಹುರುಳಿಕಾಯಿ, ಕೊಲಾರ್ಡ್ ಸೊಪ್ಪು ಎಂದು ಮೆನುವಿನಲ್ಲಿ ಕಂಡದ್ದನ್ನೂ ಹಂದಿಮಾಂಸ ಹಾಕಿ ಬೇಯಿಸಿರುವುದುಂಟು. ಕೇಳಿದರೆ ಹೇಳುತ್ತಾರೆ, ಬೇಜಾರು ಮಾಡಿಕೊಳ್ಳುವುದಿಲ್ಲ.

ಮೇಬ್ರಿ ಮಿಲ್ ಎಂಬ ಹಳೆಯ ನೀರಿನ ಗಿರಣಿ ಮುಂದೆ ಎಲ್ಲರೂ ಫೋಟೊ ತೆಗೆಯುತ್ತಾರೆ. ನಾವೂ ತೆಗೆದೆವು. ನಾರ್ತ್ ಕೆರೊಲೈನಾ ಗಡಿ ದಾಟುವವರೆಗೆ ಬಿಸಿಲು. ಬ್ಲೋಯಿಂಗ್ ರಾಕ್ ಹತ್ತಿರ ಬಂದಾಗ ಮೋಡ ರಸ್ತೆಗೇ ಇಳಿದಿತ್ತು.

ಟಾಪ್ ತೆರೆದ ಕಾರಿನ ಬಗ್ಗೆ ಒಂದು ಮಾತು. ವೇಗವಾಗಿ ಓಡುವಾಗ ಸಣ್ಣ ಮಳೆ ಒಳಗೆ ಬೀಳುವುದಿಲ್ಲ, ಗಾಳಿ ಅದನ್ನು ತಲೆಯ ಮೇಲಿಂದಲೇ ಹೊತ್ತೊಯ್ಯುತ್ತದೆ. ನಿಂತರೆ ಮುಗಿಯಿತು. ಈ ಪಾರ್ಕ್‌ವೇಯಲ್ಲಿ ನಮ್ಮ ಮುಂದೆ ಗಂಟೆಗೆ 25 ಮೈಲಿಯಲ್ಲಿ ಒಂದು ಮನೆಗಾಡಿ ತೆವಳುತ್ತಿತ್ತು. ಗಂಡನ ತೊಡೆ ಮೇಲಿದ್ದ ನಕ್ಷೆ ನೆನೆದು ಮುದ್ದೆ. ಕೊನೆಗೆ ಒಂದು ನೋಟದ ಕಟ್ಟೆಯಲ್ಲಿ ನಿಲ್ಲಿಸಿ ಟಾಪ್ ಏರಿಸಿದೆವು. ಹಳೆ ಮಿಯಾಟಾದಲ್ಲಿ ಇದು ಕೈಯ ಕೆಲಸ. ಇಳಿಸುವಾಗ ಹಿಂದಿನ ಪ್ಲಾಸ್ಟಿಕ್ ಕಿಟಕಿಯ ಜಿಪ್ ಬಿಚ್ಚಿ, ಚಪ್ಪಟೆಯಾಗಿ ಮಲಗಿಸಿಯೇ ಮಡಿಸಬೇಕು. ಹಾಗೇ ಮಡಿಸಿದರೆ ಬಿದ್ದ ಗೆರೆ ಹೋಗುವುದಿಲ್ಲ. ಎರಡನೇ ತಲೆಮಾರಿನಿಂದ ಗಾಜಿನ ಕಿಟಕಿ, ಅವರಿಗೆ ಈ ಕಾಟ ಕಮ್ಮಿ.

ಲಿನ್ ಕೋವ್ ವಯಾಡಕ್ಟ್ ಗ್ರ್ಯಾಂಡ್‌ಫಾದರ್ ಬೆಟ್ಟದ ಪಕ್ಕೆಗೆ ಅಂಟಿಕೊಂಡ ಕಾಂಕ್ರೀಟ್ ಸೇತುವೆ. 1,243 ಅಡಿ ಉದ್ದ. ಪಾರ್ಕ್‌ವೇ ಕೆಲಸ ಶುರುವಾಗಿದ್ದು 1935ರಲ್ಲಿ, ಪೂರ್ತಿಯಾಗಿದ್ದು 1987ರಲ್ಲಿ. ಉಳಿದುಹೋಗಿದ್ದ ಕೊನೆಯ ಕೊಂಡಿ ಇದೇ ಜಾಗ. ಬೆಟ್ಟಕ್ಕೆ ಗಾಯ ಆಗಬಾರದೆಂದು 153 ತುಂಡುಗಳನ್ನು ಬೇರೆ ಕಡೆ ಎರಕ ಹೊಯ್ದು ತಂದು, ಕಟ್ಟಿದ ಸೇತುವೆಯ ತುದಿಯಿಂದಲೇ ಮುಂದಿನ ತುಂಡನ್ನು ಜೋಡಿಸುತ್ತಾ ಹೋದರಂತೆ. ಇಷ್ಟೆಲ್ಲ ಓದಿಕೊಂಡು ಬಂದಿದ್ದೆ. ಕಂಡದ್ದು ಮೂತಿಯ ಮುಂದಿನ ಇಪ್ಪತ್ತು ಅಡಿ ರಸ್ತೆ ಮಾತ್ರ. ಹೆಡ್‌ಲೈಟ್ ಹಾಕಿಕೊಂಡು ತೆವಳಿದೆ.

ಮಂಜು ಹರಿದ ಮೇಲೆ ಲೈಟ್ ಆರಿಸಿದರೆ ಎಡಗಡೆಯದು ಮಲಗಿತು, ಬಲಗಡೆಯದು ಎದ್ದೇ ಕೂತಿತ್ತು. ಗುಂಡಿ ಒತ್ತಿದೆ, ಬಿಟ್ಟೆ, ಮತ್ತೆ ಒತ್ತಿದೆ. ಒಂದು ಕಣ್ಣು ಮುಚ್ಚಿ, ಒಂದು ಕಣ್ಣು ತೆರೆದು ನಿಂತಿತು ಕಾರು. ಬೀಕನ್ ಹೈಟ್ಸ್ ಪಾರ್ಕಿಂಗ್‌ನಲ್ಲಿ ನಿಲ್ಲಿಸಿ ಬಾನೆಟ್ ಎತ್ತಿದೆ.

ಬಾನೆಟ್ ಎತ್ತಿ ನಿಂತ ಮಿಯಾಟಾ ಕಂಡರೆ ಇನ್ನೊಂದು ಮಿಯಾಟಾ ನಿಲ್ಲಿಸಲೇಬೇಕು. ಇದನ್ನು ಯಾರೂ ಬರೆದಿಟ್ಟಿಲ್ಲ, ಆದರೆ ಕೈ ಬೀಸುವುದಕ್ಕಿಂತ ಗಟ್ಟಿಯಾದ ನಿಯಮ ಇದೇ ಅನ್ನಿಸುತ್ತದೆ. ಐದು ನಿಮಿಷದಲ್ಲಿ ಹಸಿರು ಕಾರೊಂದು ಪಕ್ಕದಲ್ಲಿ ನಿಂತಿತು. ಎರಡನೇ ತಲೆಮಾರಿನದು, ಹೆಡ್‌ಲೈಟ್ ಅಡಗಿಸಿಕೊಳ್ಳುವ ಸಂಭ್ರಮ ಅದಕ್ಕಿಲ್ಲ. ಇಳಿದವರು ಎಪ್ಪತ್ತು ದಾಟಿದ ಅಜ್ಜ.

"ತೊಂಬತ್ತೆರಡು?" ಎಂದರು. ಹೌದು ಎಂದೆ. "ಮುಟ್ಟಬಹುದಾ?"

ಹೆಡ್‌ಲೈಟಿನ ಹಿಂದಿರುವ ಮೋಟಾರಿನ ತಲೆಯ ಮೇಲೆ ಒಂದು ರಬ್ಬರ್ ಟೋಪಿ. ಅದನ್ನು ತೆಗೆದರೆ ಒಳಗೆ ತಿರುಗಣೆ. ಕೈಯಿಂದ ತಿರುಗಿಸುತ್ತಾ ಹೋದರೆ ಹೆಡ್‌ಲೈಟ್ ಮೆಲ್ಲಗೆ ಇಳಿಯುತ್ತದೆ, ಇನ್ನೂ ತಿರುಗಿಸಿದರೆ ಏರುತ್ತದೆ. ಅಜ್ಜ ಒಮ್ಮೆ ಇಳಿಸಿ ತೋರಿಸಿ, ಮತ್ತೆ ಏರಿಸಿಟ್ಟರು. "ನಾಳೆ ದಾರಿಯಲ್ಲಿ ಸುರಂಗಗಳಿವೆ. ಮಲಗಿಸಿದರೆ ಅದು ತಾನಾಗಿ ಏಳೋದಿಲ್ಲ. ಕಣ್ಣು ತೆರೆದೇ ಇರಲಿ." ಅವರ ಕಾರಿಗಂತೂ ಇಂಥ ಮೋಟಾರೇ ಇಲ್ಲ. ಹೇಗೆ ಗೊತ್ತು ಎಂದು ಗಂಡ ಕೇಳಿದರು. ಇದಕ್ಕೆ ಮುಂಚೆ ನಮ್ಮಂಥದ್ದೇ ಇತ್ತಂತೆ, ಮಗಳಿಗೆ ಕೊಟ್ಟರಂತೆ. ಆಮೇಲೆ ಮನಸ್ಸು ತಡೆಯದೆ ಇದನ್ನು ಕೊಂಡರಂತೆ. ನಾನು ಥರ್ಮೋಸ್‌ನಲ್ಲಿದ್ದ ಕಾಫಿ ಕೊಟ್ಟೆ. ಚಿಕೋರಿ ಹಾಕಿದ್ದು. ಎರಡು ಲೋಟ ಕುಡಿದರು.

ಆ ರಾತ್ರಿ ಲಿಟಲ್ ಸ್ವಿಟ್ಜರ್‌ಲ್ಯಾಂಡ್‌ನಲ್ಲಿ ತಂಗಿದೆವು. ರೂಮಿನ ಹೀಟರ್ ಮೇಲೆ ನಕ್ಷೆ ಒಣಗಿಸಿದ್ದು ಬಿಟ್ಟರೆ ಬರೆಯುವಂಥದ್ದೇನಿಲ್ಲ.

ಭಾನುವಾರ: ಕಣ್ಣು ಹೊಡೆಯುತ್ತಾ ಫಾಂಟಾನಾಕ್ಕೆ

ಪಾರ್ಕ್‌ವೇಯಲ್ಲಿ 26 ಸುರಂಗಗಳು, ಅದರಲ್ಲಿ 25 ನಾರ್ತ್ ಕೆರೊಲೈನಾದಲ್ಲೇ. ಒಳಗೆ ದೀಪ ಇಲ್ಲ, ನಮ್ಮ ಹೆಡ್‌ಲೈಟೇ ಗತಿ. ಸುರಂಗದಲ್ಲಿ ಎರಡೂ ಕಣ್ಣು, ಹೊರಗೆ ಬಂದರೆ ಒಂದೇ ಕಣ್ಣು.

ಇದರ ಪರಿಣಾಮ ನಾವು ಯೋಚಿಸಿರಲಿಲ್ಲ. ಹಳೆ ಮಿಯಾಟಾದವರಲ್ಲಿ ಕೆಲವರು ವೈರಿಂಗ್ ಬದಲಿಸಿ ಒಂದೇ ಹೆಡ್‌ಲೈಟ್ ಎಬ್ಬಿಸಿ ಕಣ್ಣು ಹೊಡೆಯುವ ಹಾಗೆ ಮಾಡಿಸಿಕೊಂಡಿರುತ್ತಾರೆ. ನಮಗೆ ಅದು ಪುಕ್ಕಟೆ ಸಿಕ್ಕಿತ್ತು. ಭಾನುವಾರ, ಬಿಸಿಲು, ಜೂನ್ ತಿಂಗಳು. ಮಿಯಾಟಾಗಳು ಒಂದರ ಹಿಂದೆ ಒಂದು. ಎಲ್ಲರೂ ನಾವು ದೂರದಿಂದಲೇ ಕಣ್ಣು ಹೊಡೆಯುತ್ತಿದ್ದೇವೆ ಎಂದುಕೊಂಡರು. ಒಬ್ಬ ಹುಡುಗ ಎರಡೂ ಕೈ ಬಿಟ್ಟು ಚಪ್ಪಾಳೆ ತಟ್ಟಿದ, ಅದು ಬೇಡಿತ್ತು. ಒಬ್ಬಾಕೆ ಮುತ್ತು ತೂರಿದಳು. ನಮ್ಮವರು ಸೀಟಿನಲ್ಲಿ ನೆಟ್ಟಗೆ ಕೂತರು. ಕೈ ಬೀಸುವ ಕೆಲಸ ತಾವೇ ವಹಿಸಿಕೊಂಡರು. ಮಧ್ಯಾಹ್ನದ ಹೊತ್ತಿಗೆ ಬಿಎಂಡಬ್ಲ್ಯೂ ಝಡ್-3ಗೂ ಬೀಸಿದರು, ಹೋಂಡಾ ಎಸ್-2000ಕ್ಕೂ ಬೀಸಿದರು. ಹೋಂಡಾದವನು ವಾಪಸ್ ಬೀಸಿದ. ಬಿಎಂಡಬ್ಲ್ಯೂನವನು ಹಿಂದೆ ತಿರುಗಿ ನೋಡಿದ, ಪಾಪ.

ಕ್ರ್ಯಾಗಿ ಗಾರ್ಡನ್ಸ್‌ನಲ್ಲಿ ನೇರಳೆ ರೋಡೊಡೆಂಡ್ರನ್ ಅರಳಿತ್ತು. ಜೂನ್ ನಡುವಿನಲ್ಲಿ ಹೋದರೆ ಸಾಮಾನ್ಯವಾಗಿ ಸಿಗುತ್ತದೆ. ಆಶ್‌ವಿಲ್‌ಗೆ ಇಳಿದಾಗ ಸೆಕೆ, ಪೆಟ್ರೋಲ್ ಹಾಕಿಸಿ ಮತ್ತೆ ಹತ್ತಿದಂತೆ ಚಳಿ. ರಿಚ್‌ಲ್ಯಾಂಡ್ ಬಾಲ್ಸಮ್ ಹತ್ತಿರ 6,053 ಅಡಿ, ಪಾರ್ಕ್‌ವೇಯ ಅತಿ ಎತ್ತರದ ಜಾಗ. ಟಾಪ್ ಇಳಿಸಿ, ಕಿಟಕಿ ಏರಿಸಿ, ಕಾಲಿನ ಕಡೆ ಹೀಟರ್ ಹಾಕಿ, ತಲೆಗೆ ಉಣ್ಣೆ ಟೋಪಿ. ಚಳಿ ಅಂತ ಟಾಪ್ ಹಾಕಿಕೊಂಡು ಹೋಗುವ ಮಿಯಾಟಾವನ್ನು ಉಳಿದವರು ಕರುಣೆಯಿಂದ ನೋಡುತ್ತಾರೆ.

ನಾವು ಹೋಗಿದ್ದು 2024ರ ಜೂನ್‌ನಲ್ಲಿ. ಅದೇ ಸೆಪ್ಟೆಂಬರ್‌ನಲ್ಲಿ ಬಂದ ಹೆಲೀನ್ ಚಂಡಮಾರುತ ಈ ಬೆಟ್ಟಗಳನ್ನು ಜಾಲಾಡಿಸಿತು. ಪಾರ್ಕ್‌ವೇಯ ಎಷ್ಟೋ ಕಡೆ ರಸ್ತೆಯೇ ಕುಸಿದುಹೋಯಿತು. ಈಗ ಹೋಗುವವರು ಯಾವ ಭಾಗ ತೆರೆದಿದೆ ಎಂದು ನ್ಯಾಷನಲ್ ಪಾರ್ಕ್ ಸರ್ವಿಸ್ ಕೊಡುವ ಮಾಹಿತಿ ನೋಡಿಯೇ ಹೊರಡಬೇಕು.

ಚೆರೊಕೀ ಊರಿನಲ್ಲಿ ರಸ್ತೆ ಫಲಕಗಳ ಮೇಲೆ ಇಲ್ಲಿನ ಮೂಲನಿವಾಸಿಗಳ ಚೆರೊಕೀ ಲಿಪಿಯೂ ಇದೆ. ನೋಡಿ ಖುಷಿಯಾಯಿತು. ಅಲ್ಲಿಂದ ಬ್ರೈಸನ್ ಸಿಟಿ, ಆಮೇಲೆ 28ನೇ ನಂಬರಿನ ರಾಜ್ಯ ಹೆದ್ದಾರಿ. ಪಾರ್ಕ್‌ವೇಗಿಂತ ಕಿರಿದು, ತಿರುವು ಬಿಗಿ. ಫಾಂಟಾನಾ ಸೇರುವಷ್ಟರಲ್ಲಿ ಮೊಬೈಲ್ ಸಿಗ್ನಲ್ ಸತ್ತಿತ್ತು. ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಿ. ಕಾಗದದ್ದಾದರೆ ಪ್ಲಾಸ್ಟಿಕ್ ಕವರ್ ಹಾಕಿ.

ಫಾಂಟಾನಾ ಅಣೆಕಟ್ಟು 480 ಅಡಿ ಎತ್ತರ. ಎರಡನೇ ಮಹಾಯುದ್ಧದ ಸಮಯದಲ್ಲಿ ಕಟ್ಟಿದ್ದು. ಕಟ್ಟಿದ ಕೆಲಸಗಾರರ ಹಳ್ಳಿಯೇ ಈಗ ಪ್ರವಾಸಿಗರ ತಂಗುದಾಣ. ಪಾರ್ಕಿಂಗ್‌ಗೆ ಬಂದರೆ ಮಿಯಾಟಾಗಳ ಸಾಲು. ಒಹಾಯೊದಿಂದ ಬಂದ ಗುಂಪು. ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದರು. ಸಾಲಿನ ತುದಿಯಲ್ಲಿ ಒಂದು ಜಾಗ ಖಾಲಿ ಇತ್ತು. ನಾನು ಅನುಮಾನಿಸುತ್ತಾ ನಿಧಾನ ಮಾಡಿದೆ. ಯಾರೋ ಎದ್ದು ಬಂದು ಕೈಸನ್ನೆ ಮಾಡಿ ಅಲ್ಲೇ ನಿಲ್ಲಿಸಿಕೊಂಡರು.

"ಯಾವ ವರ್ಷದ್ದು?"

ತೊಂಬತ್ತೆರಡು ಎಂದದ್ದೇ ತಡ, ಬೆಳ್ಳಿಕೂದಲಿನ ಒಬ್ಬ ಹೆಂಗಸು ಕುರ್ಚಿಯಿಂದ ಎದ್ದರು. ಅವರದೂ ತೊಂಬತ್ತೆರಡು. ಹಳದಿ, ಆ ವರ್ಷ ಮಾತ್ರ ಬಂದ ಬಣ್ಣ. ಹೊಸದಾಗಿ ಕೊಂಡವರು ಅವರೇ, ಇವತ್ತಿಗೂ ಓಡಿಸುತ್ತಿರುವವರೂ ಅವರೇ. ಮೂವತ್ತು ವರ್ಷ ಸ್ಕೂಲ್ ಬಸ್ ಓಡಿಸಿ ನಿವೃತ್ತರಾದವರು. "ವಾರವೆಲ್ಲ ದೊಡ್ಡ ಹಳದಿ, ಶನಿವಾರ ಚಿಕ್ಕ ಹಳದಿ" ಎಂದು ನಕ್ಕರು.

ನಮ್ಮ ಕಾರಿನ ಒಕ್ಕಣ್ಣು ನೋಡಿ ಎಲ್ಲರೂ ಸುತ್ತ ಸೇರಿದರು. ಒಬ್ಬ ಮೋಟಾರಿಗೆ ಹೋಗುವ ಪ್ಲಗ್ ಕಳಚಿದ. ಒಳಗೆ ಹಸಿರು ಕಿಲುಬು. ಇನ್ನೊಬ್ಬ ಡಿಕ್ಕಿಯಿಂದ ಕಾಂಟ್ಯಾಕ್ಟ್ ಕ್ಲೀನರ್ ತಂದ, ಮತ್ತೊಬ್ಬ ಹಳೆ ಹಲ್ಲುಜ್ಜುವ ಬ್ರಷ್ ತಂದ. ಉಜ್ಜಿ, ಸಿಂಪಡಿಸಿ, ಜೋಡಿಸಿದರು. ಗುಂಡಿ ಒತ್ತಿದೆ. ಮಲಗಿತು. ಇನ್ನೊಮ್ಮೆ ಒತ್ತಿದೆ, ಎದ್ದಿತು. ದೊಡ್ಡ ಗದ್ದಲ. ದುಡ್ಡಿನ ಮಾತು ಎತ್ತಿದರೆ ಅವಮಾನ ಮಾಡಿದ ಹಾಗೆ ನೋಡುತ್ತಾರೆ. ಮುಂದೆ ದಾರಿಯಲ್ಲಿ ಇನ್ಯಾರಿಗಾದರೂ ಮಾಡಿ ಎನ್ನುತ್ತಾರೆ. ನಮ್ಮ ಚೀಲದಲ್ಲಿದ್ದ ಕೋಡುಬಳೆ ಡಬ್ಬ ಕುರ್ಚಿಯಿಂದ ಕುರ್ಚಿಗೆ ಹೋಗಿ ಖಾಲಿಯಾಗಿ ವಾಪಸ್ ಬಂತು.

ಕತ್ತಲಾದ ಮೇಲೆ ಮಾತು ಈ ಕಾರು ಹುಟ್ಟಿದ ಕಥೆಗೆ ತಿರುಗಿತು. ಬಾಬ್ ಹಾಲ್ ಎಂಬ ಅಮೆರಿಕದ ಕಾರು ಪತ್ರಕರ್ತ 1979ರಲ್ಲಿ ಮಾಜ್ಡಾದ ಕೆನಿಚಿ ಯಾಮಾಮೊಟೊ ಅವರನ್ನು ಭೇಟಿಯಾದಾಗ, ಹಳೆಯ ಬ್ರಿಟಿಷ್ ಕಾರುಗಳ ಹಾಗೆ ಹಗುರವಾದ, ಅಗ್ಗದ, ಟಾಪ್ ತೆರೆಯುವ ಕಾರನ್ನು ನೀವು ಮಾಡಬೇಕು ಎಂದಿದ್ದ. ಆಮೇಲೆ ಆತ ಮಾಜ್ಡಾಕ್ಕೇ ಕೆಲಸಕ್ಕೆ ಸೇರಿದ. 1989ರ ಫೆಬ್ರವರಿಯಲ್ಲಿ ಶಿಕಾಗೊ ಪ್ರದರ್ಶನದಲ್ಲಿ ಕಾರು ಬಂತು, ಬೆಲೆ 13,800 ಡಾಲರಿನಿಂದ. ಸ್ಕೂಲ್ ಬಸ್ ಡ್ರೈವರ್ ಕೂಡ ಕೊಳ್ಳಬಹುದಿತ್ತು, ಅದೇ ವಿಷಯ ಎಂದರು ಹಳದಿ ಕಾರಿನವರು. ಅವರ ಮಾತು ನನಗೆ ಸರಿ ಅನ್ನಿಸಿತು. ಆ ಕುರ್ಚಿಗಳಲ್ಲಿ ಒಬ್ಬ ದಂತವೈದ್ಯ, ಒಬ್ಬ ಪ್ಲಂಬರ್, ಕಾಲೇಜು ಓದುವ ಒಬ್ಬ ಹುಡುಗ ಇದ್ದರು. ಯಾರು ಏನು ಕೆಲಸ ಮಾಡುತ್ತಾರೆ ಎಂದು ತಿಳಿದದ್ದು ಏಳುವ ಹೊತ್ತಿಗೆ, ಅದೂ ಸುಮ್ನೆ ಮಾತಿಗೆ.

"ನಾಳೆ ನಮ್ಮ ಜೊತೆ ಬನ್ನಿ" ಎಂದರು.

ಸೋಮವಾರ: ಡ್ರ್ಯಾಗನ್ ಮತ್ತು ಚೆರೊಹಾಲಾ

ಟೇಲ್ ಆಫ್ ದ ಡ್ರ್ಯಾಗನ್ ಎಂದರೆ ಡೀಲ್ಸ್ ಗ್ಯಾಪ್‌ನಿಂದ ಟೆನೆಸ್ಸೀ ಕಡೆಗೆ ಹೋಗುವ 129ನೇ ನಂಬರ್ ಹೆದ್ದಾರಿಯ ತುಂಡು. 11 ಮೈಲಿಯಲ್ಲಿ 318 ತಿರುವು. ಪಕ್ಕದಿಂದ ಬಂದು ಸೇರುವ ರಸ್ತೆ ಇಲ್ಲ, ಮನೆ ಇಲ್ಲ. ವೇಗದ ಮಿತಿ 30 ಮೈಲಿ. ವಾರದ ಕೊನೆಯಲ್ಲಿ ಬೈಕುಗಳು ಕಿಕ್ಕಿರಿದಿರುತ್ತವೆ. ಸೋಮವಾರ ಬೆಳಿಗ್ಗೆ ಬೇಗ ಹೋದರೆ ರಸ್ತೆ ನಿಮ್ಮದೇ.

ಹೊರಡುವ ಮುಂಚೆ ಹಳದಿ ಕಾರಿನವರು ಎಲ್ಲರನ್ನೂ ಸುತ್ತ ನಿಲ್ಲಿಸಿಕೊಂಡರು. ಮೂವತ್ತು ವರ್ಷ ಮಕ್ಕಳನ್ನು ಸುಮ್ಮನಿರಿಸಿದ ದನಿ. ಇದು ರೇಸಲ್ಲ. ನಡುವಿನ ಹಳದಿ ಜೋಡಿ ಗೆರೆ ದಾಟಿದವರು ನಾಳೆಯಿಂದ ಬರುವುದು ಬೇಡ. ಮುಂದಿನವರ ಬಾಲಕ್ಕೆ ಅಂಟಬಾರದು, ನಿಧಾನದವರನ್ನು ನೂಕಬಾರದು. ಹಿಂದೆ ವೇಗದ ಬೈಕು ಬಂದರೆ ಬಲಗಡೆ ಸಿಗ್ನಲ್ ಹಾಕಿ ಪಕ್ಕದ ಜಾಗಕ್ಕೆ ಸರಿದು ದಾರಿ ಬಿಡಬೇಕು, ಅದರಲ್ಲಿ ಸೋಲು ಗೆಲುವು ಇಲ್ಲ. ರಸ್ತೆ ಕವಲೊಡೆಯುವ ಕಡೆ ನಮ್ಮ ಹಿಂದಿನ ಕಾರು ನಮ್ಮನ್ನು ನೋಡುವವರೆಗೆ ಕಾಯಬೇಕು. ಪ್ರತಿಯೊಬ್ಬರೂ ತಮ್ಮ ಹಿಂದಿನವರ ಜವಾಬ್ದಾರಿ ಹೊತ್ತರೆ ಯಾರೂ ಕಳೆದುಹೋಗುವುದಿಲ್ಲ. "ಮತ್ತೆ, ಇಲ್ಲಿ ಕೈ ಬೀಸಬೇಡಿ. ಎದುರಿನವರೂ ಬೀಸೋದಿಲ್ಲ. ಬೇಜಾರು ಮಾಡ್ಕೋಬೇಡಿ." ನಮ್ಮವರ ಮುಖ ಸಣ್ಣದಾಯಿತು.

ಹೊಸಬರು ಗುಂಪಿನ ನಡುವೆ ನುಗ್ಗದೆ ಕೊನೆಗೆ ನಿಲ್ಲುವುದು ಪದ್ಧತಿ. ನಾನು ಬಾಲಕ್ಕೆ ಹೋದೆ. ಅಲ್ಲಿ ಆಗಲೇ ಒಂದು ಫಿಯಾಟ್ 124 ಸ್ಪೈಡರ್ ನಿಂತಿತ್ತು. ಇದು ಮಿಯಾಟಾನಾ ಅಲ್ಲವಾ ಎಂಬುದು ಇವರೊಳಗಿನ ಮುಗಿಯದ ಜಗಳ. ಹೆಸರು ಇಟಲಿಯದು, ಎಂಜಿನ್ ಫಿಯಾಟ್‌ನದು. ಆದರೆ ಒಳಗಿನ ಮೈಕಟ್ಟು ನಾಲ್ಕನೇ ತಲೆಮಾರಿನ ಮಿಯಾಟಾದ್ದು, ತಯಾರಾಗಿದ್ದೂ ಹಿರೋಷಿಮಾದ ಮಾಜ್ಡಾ ಕಾರ್ಖಾನೆಯಲ್ಲೇ. ಅದರ ಯಜಮಾನ ಇಳಿದು ಬಂದು ನನ್ನನ್ನು ಮುಂದೆ ಹೋಗಲು ಹೇಳಿದ. "ನಾನು ಯಾವಾಗಲೂ ಕೊನೆ. ಸೋದರಮಾವನ ಮಕ್ಕಳು ಪಂಕ್ತಿಯ ತುದಿಯಲ್ಲೇ ಕೂರೋದು" ಎಂಬ ಅರ್ಥದ ಏನೋ ಅಂದ.

ಆ 11 ಮೈಲಿ ಹೇಗಿತ್ತು? ಎರಡನೇ ಗೇರು, ಮೂರನೇ ಗೇರು, ಮತ್ತೆ ಎರಡು. ಒಂದು ತಿರುವು ಮುಗಿಯುವ ಮೊದಲೇ ಇನ್ನೊಂದು. ಮರಗಳ ಸುರಂಗ, ನೆಲದಲ್ಲಿ ಬಿಸಿಲಿನ ಚೂರು. ಮುಂದಿನ ಬಿಳಿ ಕಾರಿನ ಬ್ರೇಕ್ ದೀಪ ಬಿಟ್ಟು ಬೇರೇನೂ ನೋಡಲಿಲ್ಲ. ಎದುರಿಗೆ ಬಂದ ಮಿಯಾಟಾದವರು ಸ್ಟಿಯರಿಂಗ್ ಬಿಡದೆ ಎರಡು ಬೆರಳು ಎತ್ತಿದರು, ಅಷ್ಟೇ. ನಾವು ದಾರಿ ಬಿಟ್ಟ ಬೈಕಿನವನೊಬ್ಬ ಕಾಲು ಹೊರಗೆ ಚಾಚಿ ಥ್ಯಾಂಕ್ಸ್ ಹೇಳಿ ಹೋದ. ಇನ್ನೊಬ್ಬ ಎದುರಿನಿಂದ ಬರುತ್ತಾ ಹೆಲ್ಮೆಟ್ ಮೇಲೆ ಕೈ ತಟ್ಟಿದ. ಮುಂದೆ ಪೊಲೀಸ್ ಇದ್ದಾರೆ ಎಂದರ್ಥ. ನಿಜವಾಗಿಯೂ ಇದ್ದರು. ತಿರುವುಗಳಲ್ಲಿ ಫೋಟೊಗ್ರಾಫರ್‌ಗಳು ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ದಿನ, ಸಮಯ, ಕಾರಿನ ಬಣ್ಣ ನೆನಪಿಟ್ಟುಕೊಂಡರೆ ಆಮೇಲೆ ಹುಡುಕಿ ಕೊಳ್ಳಬಹುದು. ನಾವು ಕೊಂಡೆವು. ನಾನು ಹಲ್ಲು ಕಚ್ಚಿದ್ದೇನೆ, ಇವರು ಕಣ್ಣು ಮುಚ್ಚಿದ್ದಾರೆ.

ವಾಪಸ್ ಡೀಲ್ಸ್ ಗ್ಯಾಪ್‌ಗೆ ಬಂದು ನಾಚಿಕೆಯ ಮರ ನೋಡಿದೆವು. ಈ ರಸ್ತೆಯಲ್ಲಿ ಬಿದ್ದವರ ಬೈಕಿನ ಮುರಿದ ಭಾಗಗಳನ್ನು ನೇತುಹಾಕಿರುವ ಮರ. ನೋಡಿದ ಮೇಲೆ 30 ಮೈಲಿ ಸರಿಯಾದ ಮಿತಿ ಅನ್ನಿಸುತ್ತದೆ.

ರಾಬಿನ್ಸ್‌ವಿಲ್‌ನಲ್ಲಿ ಟ್ಯಾಂಕು ತುಂಬಿಸಿದೆವು. ಅಲ್ಲಿಂದ ಟೆಲಿಕೊ ಪ್ಲೇನ್ಸ್‌ವರೆಗಿನ ಚೆರೊಹಾಲಾ ಸ್ಕೈವೇ 43 ಮೈಲಿ, ನಡುವೆ ಬಂಕ್ ಇಲ್ಲ. 1996ರಲ್ಲಿ ತೆರೆದ ರಸ್ತೆ. ಡ್ರ್ಯಾಗನ್‌ಗೆ ಹೆಸರು ಜಾಸ್ತಿ, ಆದರೆ ನನ್ನನ್ನು ಕೇಳಿದರೆ ಇದೇ ಚೆಂದ. ಅಗಲವಾದ, ಉದ್ದನೆಯ ತಿರುವುಗಳು. 5,000 ಅಡಿ ಮೇಲೆ ಹೋದಾಗ ಎರಡೂ ಕಡೆ ಬೆಟ್ಟದ ಸಾಲುಗಳು ನೀಲಿಯಾಗುತ್ತಾ ಹೋಗುತ್ತವೆ. ಇಲ್ಲಿ ಕೈ ಬೀಸಲು ಅಪ್ಪಣೆ ಸಿಕ್ಕಿತು. ಎದುರಿನಿಂದ ಒಂದೇ ಒಂದು ಮಿಯಾಟಾ ಬಂತು. ಪಾಪ, ಅದರ ಡ್ರೈವರ್ ನಮ್ಮ ಸಾಲಿನ ಪ್ರತಿಯೊಂದು ಕಾರಿಗೂ ಕೈ ಎತ್ತಿ ಇಳಿಸಿ ಎತ್ತಿ ಇಳಿಸಿ ಹೋದ. ಕೊನೆಯ ಫಿಯಾಟ್‌ಗೂ ಎತ್ತಿದನಾ ಎಂದು ನಾವಿಬ್ಬರೂ ಕನ್ನಡಿಯಲ್ಲಿ ನೋಡಿದೆವು. ಎತ್ತಿದ.

ಟೆಲಿಕೊ ಪ್ಲೇನ್ಸ್‌ನಲ್ಲಿ ಪಿಮೆಂಟೊ ಚೀಸ್ ಸ್ಯಾಂಡ್‌ವಿಚ್, ಹುರಿದ ಹಸಿರು ಟೊಮೆಟೊ, ಪೀಚ್ ಕಾಬ್ಲರ್. ಸಿಹಿ ಚಹಾ ಬೇಡ ಎನ್ನುವವರು ಮೊದಲೇ ಹೇಳಬೇಕು, ಇಲ್ಲದಿದ್ದರೆ ಸಕ್ಕರೆ ಪಾಕ ಬರುತ್ತದೆ. ಒಹಾಯೊದವರು ಉತ್ತರಕ್ಕೆ ಹೊರಟರು. ಫೋನ್ ನಂಬರ್ ಕೊಟ್ಟು ತೆಗೆದುಕೊಂಡದ್ದು ಹಳದಿ ಕಾರಿನವರ ಜೊತೆ ಮಾತ್ರ. ಉಳಿದವರ ಹೆಸರೂ ಸರಿಯಾಗಿ ನೆನಪಿಲ್ಲ. ಬಿಳಿ 2006, ಕೆಂಪು 1990, ಹೊಸ ಬೂದು, ಹೀಗೇ ನೆನಪಿದ್ದಾರೆ.

ಮಂಗಳವಾರ: ಹೆದ್ದಾರಿಯಲ್ಲಿ ಮನೆಗೆ

ಇಂಟರ್‌ಸ್ಟೇಟ್ 81 ಲಾರಿಗಳ ರಾಜ್ಯ. ಮಿಯಾಟಾದಲ್ಲಿ ಕೂತರೆ ಕಣ್ಣೆದುರು ಕಾಣುವುದು ಲಾರಿಯ ಚಕ್ರದ ನಟ್ಟುಗಳು. ಟಾಪ್ ಹಾಕಿ, ಕಿವಿಗೆ ಇಯರ್ ಪ್ಲಗ್ ತುರುಕಿ, ವೇಗದವರ ಎಡ ಲೇನಿಗೆ ಹೋಗದೆ ಓಡಿಸಿದೆ. ಲಾರಿಯ ಪಕ್ಕದಲ್ಲಿ ಜಾಸ್ತಿ ಹೊತ್ತು ಇರಬಾರದು, ಅಲ್ಲಿ ನಾವು ಅವರ ಕನ್ನಡಿಗೆ ಕಾಣುವುದೇ ಇಲ್ಲ. ಎದುರಿನ ದಾರಿ ಹುಲ್ಲುಪಟ್ಟಿಯ ಆಚೆ ಎಲ್ಲೋ ಇದೆ, ಯಾರಿಗೆ ಕೈ ಬೀಸೋದು? ಇವರಿಗೆ ನಿದ್ದೆ ಬಂತು.

ವಿದೆವಿಲ್‌ನಲ್ಲಿ ಪೆಟ್ರೋಲ್ ಹಾಕಿಸುವಾಗ ಪಕ್ಕದ ಪಂಪಿಗೆ ಕೆಂಪು ಮಿಯಾಟಾ ಬಂತು. ಡೀಲರ್ ಕೊಟ್ಟ ಕಾಗದದ ನಂಬರ್ ಪ್ಲೇಟ್ ಇನ್ನೂ ಹಾಗೇ ಇತ್ತು. ಇಪ್ಪತ್ತರ ಆಸುಪಾಸಿನ ಹುಡುಗಿ. ಇಳಿದವಳು ನಮ್ಮ ಕಾರನ್ನು ನೋಡಿದಳು, ತನ್ನ ಕಾರನ್ನು ನೋಡಿದಳು. "ರಸ್ತೆಯಲ್ಲಿ ಜನ ನನಗೆ ಯಾಕೆ ಕೈ ಬೀಸುತ್ತಿದ್ದಾರೆ? ಟೈರ್ ಏನಾದರೂ ಪಂಕ್ಚರ್ ಆಗಿದೆಯಾ?" ಎಂದು ಕೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ಇವರು ಬಾಗಿಲು ತೆಗೆದು ಇಳಿದರು. 1953ರ ಕಾರ್ವೆಟ್‌ನಿಂದ ಶುರು ಮಾಡಿದರು. ಜೀಪಿನ ಬಾತುಕೋಳಿ ಬಂತು, ಫಿಯಾಟ್ ಬಂತು, ಡ್ರ್ಯಾಗನ್‌ನಲ್ಲಿ ಯಾಕೆ ಬೀಸಬಾರದು ಎಂಬುದೂ ಬಂತು. ನಡುವೆ ನನ್ನ ಕಡೆ ತಿರುಗಿ "ಹೆಡ್‌ಲೈಟ್ ಎಬ್ಬಿಸು" ಎಂದರು. ಎಬ್ಬಿಸಿದೆ. ಬಲಗಡೆಯದು ಏಳಲಿಲ್ಲ.

ಇವರು ಅಂಗಿಯ ತೋಳು ಮಡಚಿ, ಬಾನೆಟ್ ಎತ್ತಿ, ರಬ್ಬರ್ ಟೋಪಿ ಎಲ್ಲಿದೆ ಎಂದು ಆ ಹುಡುಗಿಗೆ ತೋರಿಸತೊಡಗಿದರು. ಅವಳ ಕಾರಿಗೂ ಇಂಥ ಮೋಟಾರ್ ಇಲ್ಲ. ನಾನು ಒಳಗೆ ಹೋಗಿ ಮೂವರಿಗೂ ಕಾಫಿ ತಂದೆ.